ಹಾಲಿನ ಲೆಕ್ಕದಲ್ಲಿ ಇಲ್ಲದ ಕರು



ಪ್ರಾಣಿದಯೆಯ ಮೇಲೆ ದತ್ತಿ ಉಪನ್ಯಾಸ ಕೊಡಿ ಎಂದು ಸಂಘಟಕರು ಕೇಳಿದಾಗ ನಾನು ಒಂದು ತಿದ್ದುಪಡಿ ಬೇಡಿದೆ. ದಯೆ ಎಂಬುದರ ಜಾಗದಲ್ಲಿ ನ್ಯಾಯ ಎಂದಿರಲಿ ಎಂದೆ. ದಯೆ ತೋರುವವರ ಮರ್ಜಿಗೆ ಸೇರಿದ್ದು. ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನ್ಯಾಯಕ್ಕಾದರೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಇವತ್ತು ನಾನು ಒಪ್ಪಿಸಲು ಹೊರಟಿರುವುದು ಹಾಲಿನ ಲೆಕ್ಕ.

ವೀಗನಿಸಂ ಎಂಬ ಮಾತು ಬೆಂಗಳೂರಿನ ಹೋಟೆಲ್ ಮೆನುಗಳಿಂದ ಹಿಡಿದು ಔಷಧಿ ಡಬ್ಬಿಯ ಲೇಬಲ್ಲಿನವರೆಗೆ ಕಾಣಿಸುತ್ತಿದೆ. ಪ್ಯಾಕೆಟ್ ಆಹಾರಗಳಿಗೆ ವೀಗನ್ ಗುರುತು ಹಾಕಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ನಿಯಮವನ್ನೂ ತಂದಿದೆ. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪ, ಜೇನು, ಚರ್ಮ, ಉಣ್ಣೆ, ರೇಷ್ಮೆಗಳನ್ನೂ ತನ್ನ ಕೈಲಾದ ಮಟ್ಟಿಗೆ ದೂರವಿಡುವ ಬದುಕಿನ ಕ್ರಮ ಅದು. (ಸನ್ಮಾನಕ್ಕೆ ರೇಷ್ಮೆ ಶಾಲು ಬೇಡವೆಂದು ಮೊದಲೇ ತಿಳಿಸಿದ್ದೆ. ಹತ್ತಿಯದನ್ನು ಹೊದಿಸಿದ್ದೀರಿ, ಸಂತೋಷ.)

ಈ ಮಾತು ನಮ್ಮಲ್ಲಿ ಎತ್ತಿದ ಕೂಡಲೇ ಎರಡು ಕಡೆಯಿಂದ ಮುಖ ಸಿಂಡರಿಸುತ್ತಾರೆ. ತಲೆಮಾರುಗಳಿಂದ ಸಸ್ಯಾಹಾರಿಗಳಾದವರು “ನಮಗೇನು ಹೇಳಿಕೊಡ್ತೀರಿ, ಹೋಗಿ ತಿನ್ನುವವರಿಗೆ ಹೇಳಿ” ಎನ್ನುತ್ತಾರೆ. ಬಾಡೂಟದ ಮನೆಯವರು “ಮತ್ತೆ ಬಂತಪ್ಪ ತಿಳಿಸಾರಿನವರ ಉಪದೇಶ” ಎನ್ನುತ್ತಾರೆ. ಎರಡನೆಯ ಆಕ್ಷೇಪಕ್ಕೆ ಇತಿಹಾಸವೇ ಸಾಕ್ಷಿ ನಿಲ್ಲುತ್ತದೆ. ತಟ್ಟೆಯಲ್ಲಿ ಏನಿದೆ ಎಂದು ನೋಡಿ ಯಾರನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸಿದ ಸಮಾಜ ನಮ್ಮದು. ಇವತ್ತಿಗೂ ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ “ನೀವು ವೆಜ್ಜಾ, ನಾನ್‌ವೆಜ್ಜಾ” ಎಂದು ಕೇಳುವುದು ಜಾತಿ ಕೇಳುವ ನಾಜೂಕಿನ ದಾರಿಯಾಗಿ ಉಳಿದಿದೆ. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 29 ಮಂದಿ ಸಸ್ಯಾಹಾರಿಗಳು, ಕರ್ನಾಟಕದಲ್ಲಿ ಸುಮಾರು 21. ಅಷ್ಟು ಜನ ಮಿಕ್ಕವರ ಊಟಕ್ಕೆಲ್ಲ ಶೀಲದ ಪ್ರಮಾಣಪತ್ರ ಬರೆದುಕೊಡುತ್ತ ಬಂದಿದ್ದಾರೆ.

ಹೀಗಿರುವಾಗ ಪ್ರಾಣಿಗಳ ಪರವಾಗಿ ಮಾತಾಡುವವನು ಯಾವ ಬಾಗಿಲಿನಿಂದ ಒಳಗೆ ಬರಬೇಕು? ಕಸಾಯಿಖಾನೆಯ ಬಾಗಿಲಿನಿಂದ ಬಂದರೆ ಜಾತಿಯ, ಕೋಮಿನ ಹಳೆಯ ಜಗಳಕ್ಕೆ ಇನ್ನೊಂದು ಬಡಿಗೆ ಸಿಕ್ಕಂತಾಗುತ್ತದೆ. ನಾನು ಕೊಟ್ಟಿಗೆಯ ಬಾಗಿಲಿನಿಂದ ಬರುತ್ತೇನೆ. ವೀಗನ್ ವಿಚಾರವನ್ನು ನಮ್ಮ ನೆಲದಲ್ಲಿ ಪ್ರಾಮಾಣಿಕವಾಗಿ ಊರಿದರೆ ಅದು ಮೊದಲು ಪ್ರಶ್ನೆ ಕೇಳುವುದು ಬಾಡೂಟದವರನ್ನಲ್ಲ, ಹಾಲು ತುಪ್ಪದಲ್ಲಿ ಶುದ್ಧಿ ಕಂಡವರನ್ನು. ಹಾಗೆ ಕೇಳಿದಾಗಷ್ಟೇ ಅದಕ್ಕೂ ಸಾಮಾಜಿಕ ನ್ಯಾಯಕ್ಕೂ ನಂಟು ಕುದುರುತ್ತದೆ ಎಂಬುದು ನನ್ನ ವಾದ.

ಈ ವಿಚಾರ ಹುಟ್ಟಿದ ಊರಿನಲ್ಲಿ ಆ ನಂಟು ಹೇಗಿತ್ತು ಎಂದು ಸ್ವಲ್ಪ ನೋಡೋಣ. 1903ರ ಫೆಬ್ರವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಎಂಬ ಶರೀರಶಾಸ್ತ್ರಜ್ಞ ವಿದ್ಯಾರ್ಥಿಗಳೆದುರು ಒಂದು ಕಂದು ನಾಯಿಯನ್ನು ಜೀವಂತ ಕೊಯ್ದು ಪ್ರಯೋಗ ತೋರಿಸಿದ. ಆ ತರಗತಿಯಲ್ಲಿ ಸ್ವೀಡನ್ನಿನ ಇಬ್ಬರು ಹೆಂಗಸರಿದ್ದರು: ಲಿಜ್ಜಿ ಲಿಂಡ್ ಆಫ್ ಹಾಗೆಬಿ ಮತ್ತು ಲೀಸಾ ಶಾರ್ಟಾವ್. ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲ ಎಂದು ಅವರು ಬರೆದಿಟ್ಟರು. ಆರೋಪ ಬಹಿರಂಗವಾಯಿತು, ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದ. ಆದರೆ ನಾಯಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. 1906ರಲ್ಲಿ ಬ್ಯಾಟರ್‌ಸಿ ಎಂಬ ಕೂಲಿಕಾರರ ಬಡಾವಣೆಯಲ್ಲಿ ಅದಕ್ಕೊಂದು ಪ್ರತಿಮೆ ಎದ್ದಿತು. ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ಒಡೆಯಲು ದಂಡುಕಟ್ಟಿ ಬಂದರು. 1907ರ ಡಿಸೆಂಬರಿನಲ್ಲಿ ಬೀದಿಗಲಭೆಗಳೇ ಆದವು. ಪ್ರತಿಮೆಯ ಪರವಾಗಿ ನಿಂತವರು ಯಾರು? ಕಾರ್ಮಿಕ ಸಂಘದವರು ಮತ್ತು ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಹೆಂಗಸರು.

ವಿಚಿತ್ರ ಕೂಟವೆನಿಸುತ್ತದೆ, ಆದರೆ ಕಾರಣ ಸರಳ. ಧರ್ಮಾಸ್ಪತ್ರೆಯ ಮೇಜಿನ ಮೇಲೆ ತಮ್ಮ ದೇಹವೂ ಒಂದು ದಿನ ಕಲಿಕೆಯ ವಸ್ತುವಾದೀತು ಎಂಬ ಅಳುಕು ಬಡವರಿಗಿತ್ತು. ಕಟ್ಟಿಹಾಕಿ, ಬಾಯಿ ಮುಚ್ಚಿಸಿ, ಇದೆಲ್ಲ ಜ್ಞಾನಕ್ಕಾಗಿ ಎಂದು ಹೇಳುವ ಗಂಡಸರ ದನಿ ಹೆಂಗಸರಿಗೆ ಹೊಸದೇನೂ ಆಗಿರಲಿಲ್ಲ. ನಾಯಿಯ ಸಂಕಟದಲ್ಲಿ ಅವರು ತಮ್ಮ ಪಾಡನ್ನು ಕಂಡರು. 1910ರಲ್ಲಿ ಸ್ಥಳೀಯ ಆಡಳಿತ ಆ ಪ್ರತಿಮೆಯನ್ನು ರಾತ್ರೋರಾತ್ರಿ ಪೊಲೀಸ್ ಕಾವಲಿನಲ್ಲಿ ಕಿತ್ತುಹಾಕಿತು. ಒಂದು ನಾಯಿಯ ಪ್ರತಿಮೆಗೆ ಅಷ್ಟು ಪೊಲೀಸರು ಬೇಕಾಯಿತೆಂದರೆ ಆ ಕೂಟ ಅಧಿಕಾರದವರನ್ನು ಎಷ್ಟು ಕೆಣಕಿತ್ತು ಎಂದು ಊಹಿಸಬಹುದು.

1944ರ ನವೆಂಬರಿನಲ್ಲಿ ಅದೇ ದೇಶದಲ್ಲಿ ವೀಗನ್ ಸೊಸೈಟಿ ಹುಟ್ಟಿತು. ಮುಂದಾಳು ಡೊನಾಲ್ಡ್ ವಾಟ್ಸನ್ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟರು, ಯುದ್ಧಕ್ಕೆ ಹೋಗಲೊಪ್ಪದ ಶಾಂತಿವಾದಿ. ಹಾಲನ್ನೂ ಪ್ರಶ್ನಿಸಬೇಕೆಂದು ಅವರು ಮತ್ತು ಅವರ ಗೆಳೆಯರು ಕೇಳಿದಾಗ 1847ರಿಂದ ಇದ್ದ ಸಸ್ಯಾಹಾರಿ ಸಂಘದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಹಾಲು ಮತ್ತು ಮಾಂಸ ಒಂದೇ ವ್ಯಾಪಾರದ ಎರಡು ಕೈಗಳು ಎಂಬುದು ಅವರ ಸರಳ ತರ್ಕ. ಮುಂದೆ ಪೀಟರ್ ಸಿಂಗರ್ 1975ರಲ್ಲಿ ಯಾತನೆಯ ತತ್ವದಿಂದಲೂ, ಟಾಮ್ ರೀಗನ್ 1983ರಲ್ಲಿ ಹಕ್ಕಿನ ತತ್ವದಿಂದಲೂ, ಕ್ಯಾರಲ್ ಆಡಮ್ಸ್ 1990ರಲ್ಲಿ ಹೆಣ್ಣಿನ ಕಣ್ಣಿನಿಂದಲೂ ಈ ತರ್ಕವನ್ನು ಬೆಳೆಸಿದರು. 2010ರಲ್ಲಿ ಬ್ರೀಝ್ ಹಾರ್ಪರ್ ಸಂಪಾದಿಸಿದ ‘ಸಿಸ್ಟಾ ವೀಗನ್’ ಸಂಕಲನದಲ್ಲಿ ಅಮೆರಿಕದ ಕಪ್ಪು ಹೆಂಗಸರು ಅದನ್ನು ಜನಾಂಗಭೇದದ ಅನುಭವದ ಜೊತೆಗಿಟ್ಟು ಮಾತಾಡಿದರು. ಈ ಗ್ರಂಥಗಳ ಪರಿಚಯಕ್ಕೆ ಇವತ್ತು ಹೊತ್ತಿಲ್ಲ.

ಗಾಂಧಿಯ ವಿಷಯ ಮಾತ್ರ ಬಿಡುವಂತಿಲ್ಲ. 1912ರಲ್ಲಿ, ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿದ್ದಾಗ, ಅವರು ಹಾಲು ಬಿಟ್ಟರು. ಕಲ್ಕತ್ತೆಯ ಗೌಳಿಗರು ಹಸು ಎಮ್ಮೆಗಳಿಗೆ ‘ಫೂಕಾ’ ಮಾಡಿ, ಅಂದರೆ ಯೋನಿಗೆ ಗಾಳಿ ಊದಿ, ಕೊನೆಯ ಹನಿಯವರೆಗೆ ಹಿಂಡುವ ಕ್ರೌರ್ಯವನ್ನು ಓದಿ ಅವರಿಗೆ ಹೇಸಿಗೆಯಾಗಿತ್ತು. ಮುಂದೆ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸುವ ಓಡಾಟದಲ್ಲಿ ಜೀವ ಹೋಗುವಷ್ಟು ಕಾಯಿಲೆ ಬಿದ್ದಾಗ ಕಸ್ತೂರಬಾ ಮತ್ತು ವೈದ್ಯರ ಒತ್ತಾಯಕ್ಕೆ ಮಣಿದು ಮೇಕೆಯ ಹಾಲು ಹಿಡಿದರು. ಪ್ರತಿಜ್ಞೆಯ ಮಾತು ಉಳಿಯಿತು, ಆತ್ಮ ಸತ್ತಿತು ಎಂಬ ಅರ್ಥದಲ್ಲಿ ಆತ್ಮಕಥೆಯಲ್ಲಿ ಮರುಗಿದ್ದಾರೆ. ಗಾಂಧಿಯ ಮೇಕೆಯನ್ನು ಚಿತ್ರದಲ್ಲಿ ನೋಡಿ ನಗುವ ನಾವು ಆ ಮೇಕೆಯ ಹಿಂದಿರುವ ಈ ತಳಮಳವನ್ನು ಮರೆತೇಬಿಟ್ಟಿದ್ದೇವೆ. ಫೂಕಾ ಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಪರಾಧ. ಆದರೆ ಅದೇ ಕಾಯ್ದೆಯ 11ನೇ ಕಲಮು ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ನಿಗದಿತ ರೀತಿಯಲ್ಲಿ ನಡೆದರೆ ಹಿಂಸೆಯಲ್ಲ ಎನ್ನುತ್ತದೆ.

ಈಗ ಕೊಟ್ಟಿಗೆಗೆ ಬರೋಣ. ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹಸು ಈಯದೆ ಹಾಲಿಲ್ಲ. ಕೋಲಾರದ ಸೀಮೆಹಸು ಇರಲಿ, ಮಲೆನಾಡ ಗಿಡ್ಡ ಇರಲಿ, ಬೆದೆಗೆ ಬರಬೇಕು, ಸೂಜಿ ಹಾಕಿಸಬೇಕು, ಒಂಬತ್ತು ತಿಂಗಳು ಹೊರಬೇಕು, ಈಯಬೇಕು. ಕರಾವು ನಿಲ್ಲದಿರಬೇಕಾದರೆ ಈದು ಕೆಲವು ತಿಂಗಳಿಗೇ ಮತ್ತೆ ಗಬ್ಬವಾಗಬೇಕು. ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧ ಗಂಡು. ಎತ್ತಿನ ಕಾಲದಲ್ಲಿ ಹೋರಿಗರುವಿಗೂ ಬೆಲೆಯಿತ್ತು; ಹಳ್ಳಿಕಾರ್, ಅಮೃತಮಹಲ್, ಖಿಲಾರಿ ಹೋರಿಗಳಿಗೆ ಜಾತ್ರೆಗಳಲ್ಲಿ ಹೆಣ್ಣಿಗಿಂತ ಹೆಚ್ಚಿನ ಬೆಲೆ. ಟ್ರ್ಯಾಕ್ಟರ್ ಬಂತು, ಟಿಲ್ಲರ್ ಬಂತು. ಎಚ್ಎಫ್ ಮಿಶ್ರತಳಿಯ ಗಂಡುಗರು ಬಿಸಿಲಿನಲ್ಲಿ ಉಳುಮೆಗೆ ಬಾಳುವುದಿಲ್ಲ, ನೊಗ ಹೊರಲು ಹಿಣಿಲಿಲ್ಲ. ಅದು ಕುಡಿಯುವ ಒಂದೊಂದು ಲೀಟರೂ ಡೇರಿಗೆ ಹಾಕಬಹುದಾಗಿದ್ದ ಲೀಟರು.

2019ರ 20ನೇ ಜಾನುವಾರು ಗಣತಿಯ ಅಂಕಿಗಳನ್ನು ನೋಡಿ. ದೇಶದಲ್ಲಿ ಹಸು ಎತ್ತುಗಳೆಲ್ಲ ಸೇರಿ 19.25 ಕೋಟಿ. ಅದರಲ್ಲಿ ಹೆಣ್ಣು 14.5 ಕೋಟಿ, ಅಂದರೆ ಗಂಡು ಐದು ಕೋಟಿಯೂ ಇಲ್ಲ. ಸಮಸಮ ಹುಟ್ಟಿದ್ದರಲ್ಲಿ ಮೂರು ಹೆಣ್ಣಿಗೆ ಒಂದು ಗಂಡು ಉಳಿಯಿತು. ಮಿಕ್ಕವು ಎಲ್ಲಿ ಹೋದವು ಎಂಬುದಕ್ಕೆ ಗಣತಿಯಲ್ಲಿ ಕಾಲಂ ಇಲ್ಲ. ಡೇರಿಯ ಪಾಸ್‌ಬುಕ್ಕಿನಲ್ಲೂ ಇಲ್ಲ: ಅಲ್ಲಿ ಲೀಟರ್ ಇದೆ, ಫ್ಯಾಟ್ ಇದೆ, ಎಸ್‌ಎನ್‌ಎಫ್ ಇದೆ, ಬಟವಾಡೆಯ ಮೊತ್ತ ಇದೆ. ಬೀದಿಗೆ ಬಿಟ್ಟ ದನಗಳು ಮಾತ್ರ ಅದೇ ಗಣತಿಯಲ್ಲಿ 50 ಲಕ್ಷ ದಾಟಿವೆ.

ಹಾಗೆಂದು ರೈತರನ್ನು ದೂರಬೇಡಿ. ಕೋಲಾರ, ತುಮಕೂರು, ಮಂಡ್ಯ, ಹಾಸನದ ಕಡೆ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಹಾಲಿನ ಬಟವಾಡೆ. ಹೆಂಗಸರ ಹೆಸರಿನಲ್ಲಿ ಖಾತೆ ತೆರೆದದ್ದು, ಹೆಂಗಸರೇ ಅಧ್ಯಕ್ಷರಾದ ಸಂಘಗಳು ಹುಟ್ಟಿದ್ದು ಹಾಲಿನಿಂದ. 1974ರಲ್ಲಿ ಹೈನು ಅಭಿವೃದ್ಧಿ ನಿಗಮವಾಗಿ ಶುರುವಾಗಿ 1984ರಲ್ಲಿ ಮಹಾಮಂಡಳಿಯಾದ ಕೆಎಂಎಫ್‌ಗೆ 2024ರ ಮಳೆಗಾಲದ ಹೊತ್ತಿಗೆ ದಿನವೊಂದಕ್ಕೆ ಒಂದು ಕೋಟಿ ಲೀಟರ್ ಹಾಲು ಬಂದು ಬೀಳುತ್ತಿತ್ತು. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಇಂಡಿ ಬೂಸಾ ಕಲಸಿ, ಕೆಚ್ಚಲು ಬಾವಿಗೆ ಹೆದರಿ, ಕ್ಯಾನು ಹೊತ್ತು ಡೇರಿಯ ಮುಂದೆ ಸಾಲು ನಿಲ್ಲುವ ಹೆಣ್ಣುಮಗಳಿಗೆ ನಗರದ ವೀಗನ್ ಒಬ್ಬ ‘ನೀನು ಕಳ್ಳಿ’ ಎಂದರೆ ಅಂಥ ವೀಗನಿಸಂಗೆ ನನ್ನ ಧಿಕ್ಕಾರವಿದೆ. ಅಗ್ಗದ ಹಾಲಿನ ಲಾಭ ಉಂಡವರು ನಗರದವರು. ಗಂಡುಗರುವಿನ ಖರ್ಚು ಅವಳ ತಲೆಯ ಮೇಲಿದೆ.

ಆ ಖರ್ಚನ್ನು ಅವಳು ಮೊದಲು ಹೇಗೋ ದಾಟಿಸುತ್ತಿದ್ದಳು. ಸಂತೆಗೆ ಹೊಡೆದರೆ ದಲ್ಲಾಳಿ ಕೊಳ್ಳುತ್ತಿದ್ದ, ಬಂದ ನಾಲ್ಕು ಕಾಸಿಗೆ ಇನ್ನಷ್ಟು ಸೇರಿಸಿ ಕಡಸು ಕೊಳ್ಳುತ್ತಿದ್ದಳು. ರಾಜ್ಯದ 1964ರ ಕಾಯ್ದೆ ಹಸುವಿನ ವಧೆಯನ್ನು ತಡೆದರೂ 12 ವರ್ಷ ದಾಟಿದ, ಕೆಲಸಕ್ಕೆ ಬಾರದ ಎತ್ತು ಹೋರಿಗಳಿಗೆ ಅನುಮತಿ ಇಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಆ ಬಾಗಿಲನ್ನೂ ಮುಚ್ಚಿತು. 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಮಿಕ್ಕ ರಾಸುಗಳನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆ, 50,000 ರೂಪಾಯಿಯಿಂದ ಐದು ಲಕ್ಷದವರೆಗೆ ದಂಡ. ಕಾಯ್ದೆ ಬಂದ ದಿನವೇ ಹಸುಗಳು ಈಯುವುದನ್ನು ನಿಲ್ಲಿಸಲಿಲ್ಲವಲ್ಲ! ಹಾಲು ಹೆಚ್ಚಿಸುವ ಇಲಾಖೆಯೂ ವಧೆ ನಿಲ್ಲಿಸುವ ಕಾನೂನೂ ಒಂದೇ ಸರ್ಕಾರದ್ದು. ಇವೆರಡರ ನಡುವೆ ಗಂಡುಗರು ನಿಂತಿದೆ, ಅದರ ಹಗ್ಗ ಹಿಡಿದು ರೈತ ಹೆಂಗಸು ನಿಂತಿದ್ದಾಳೆ. 2022ರಲ್ಲಿ ‘ಪುಣ್ಯಕೋಟಿ ದತ್ತು ಯೋಜನೆ’ ಎಂದು ಬಂತು: ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ಹಸುವನ್ನು ದತ್ತು ಪಡೆಯಿರಿ ಎಂದು ಕರೆ. ಪಾಪ, ಸತ್ಯಕ್ಕೆ ತಪ್ಪದ ಹಸುವಿನ ಹೆಸರು. ವರ್ಷಕ್ಕೆ ಇಷ್ಟು ಬೇಕು ಎಂದು ಸರ್ಕಾರವೇ ಒಪ್ಪಿದ ಮೇಲೆ ಆ ದುಡ್ಡು ಹಾಲಿನ ದರದಲ್ಲಿ ಏಕಿಲ್ಲ ಎಂದು ಯಾರೂ ಕೇಳಲಿಲ್ಲ.

ಈಗ ಇನ್ನೊಂದು ಉಪಾಯ ನಡೆಯುತ್ತಿದೆ. ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿಗಳನ್ನು ರಿಯಾಯಿತಿ ದರದಲ್ಲಿ ಹಂಚುತ್ತಿದ್ದಾರೆ. ಮನುಷ್ಯರಲ್ಲಿ ಹೆಣ್ಣು ಬೇಡ, ಕೊಟ್ಟಿಗೆಯಲ್ಲಿ ಗಂಡು ಬೇಡ. ಎರಡು ಕಡೆಯೂ ತೀರ್ಪು ಕೊಡುತ್ತಿರುವುದು ವರದಕ್ಷಿಣೆ, ಹಾಲು ಎಂಬ ಮಾರುಕಟ್ಟೆಗಳು. ಕರು ಹುಟ್ಟಿ ಸಾಯುವುದಕ್ಕಿಂತ ಹುಟ್ಟದಿರುವುದು ಮೇಲು ಎಂದು ವಾದಿಸಬಹುದು; ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕರಾವು ನಿಂತ ಮುದಿ ಹಸುವಿನ ಪ್ರಶ್ನೆ ಆ ಕಡ್ಡಿಯಿಂದ ಬಗೆಹರಿಯದು. ಹಸು ಬದುಕಬಲ್ಲದ್ದು 20 ವರ್ಷ, ಡೇರಿಗೆ ಲಾಭ ತರುವುದು ಐದಾರು ಸೂಲು.

ಈ ಸರಪಳಿಯ ಕಡೆಯ ಕೊಂಡಿಗಳು ಯಾರ ಕೈಯಲ್ಲಿವೆ ಎಂದು ನೋಡಿದರೆ ನಮ್ಮ ಸಮಾಜದ ಚಿತ್ರ ಪೂರ್ತಿಯಾಗುತ್ತದೆ. ಹಿಂಡುವ ಕೆಲಸ ಒಂದು ಜಾತಿಗೆ, ಹೆಪ್ಪುಹಾಕಿ ತುಪ್ಪ ಕಾಯಿಸಿ ಹೋಮಕ್ಕೆ ಸುರಿಯುವುದು ಇನ್ನೊಂದಕ್ಕೆ, ಸಾಗಿಸಿ ಕೊಯ್ಯುವುದು ಮುಸ್ಲಿಮರಿಗೆ, ಸತ್ತದ್ದನ್ನು ಎಳೆದು ಸುಲಿದು ಹದ ಮಾಡುವುದು ಮಾದಿಗರಿಗೆ, ಸಮಗಾರರಿಗೆ. ಒಂದೇ ಹಸುವಿನ ಒಂದೇ ಬದುಕು. ಮೊದಲ ಅರ್ಧ ಮುಟ್ಟಿದವರು ಪವಿತ್ರರಾದರು, ಎರಡನೆಯ ಅರ್ಧ ಮುಟ್ಟಿದವರು ಅಸ್ಪೃಶ್ಯರಾದರು, ಕಟುಕರಾದರು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಥಳಿಸಿದರು. ಆ ನಂತರ ದಲಿತರು ಸತ್ತ ದನಗಳನ್ನು ತಂದು ಸುರೇಂದ್ರನಗರದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಸುರಿದು, ನಿಮ್ಮ ತಾಯಿಯನ್ನು ನೀವೇ ಎತ್ತಿಕೊಳ್ಳಿ ಎಂಬರ್ಥದಲ್ಲಿ ಕೈತೊಳೆದುಕೊಂಡರು. ಭಾರತದ ಹಾಲಿನ ಅರ್ಥಶಾಸ್ತ್ರದ ಬಗ್ಗೆ ಅದಕ್ಕಿಂತ ಖಚಿತವಾದ ಉಪನ್ಯಾಸ ನಾನು ಕೇಳಿಲ್ಲ. ಯಾಮಿನಿ ನಾರಾಯಣನ್ 2023ರ ತಮ್ಮ ‘ಮದರ್ ಕೌ, ಮದರ್ ಇಂಡಿಯಾ’ ಪುಸ್ತಕದಲ್ಲಿ ಇದನ್ನೇ ವಿಸ್ತಾರವಾಗಿ ತೋರಿಸಿದ್ದಾರೆ: ಹಸುವನ್ನು ತಾಯಿ ಎಂದು ಕರೆಯುವುದರಿಂದ ಹೈನೋದ್ಯಮದ ಹಿಂಸೆ ಮರೆಯಾಗುತ್ತದೆ, ತಪ್ಪಿನ ಹೊರೆಯೆಲ್ಲ ಕೊಯ್ಯುವವನ ಮೇಲೆ ಬೀಳುತ್ತದೆ.

ಅಂಬೇಡ್ಕರ್ 1927ರಲ್ಲಿ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ ಎಂದು ಕರೆಕೊಟ್ಟದ್ದು ಅಹಿಂಸೆಯ ಮಾತಾಗಿರಲಿಲ್ಲ, ಮಾನದ ಮಾತಾಗಿತ್ತು. 1948ರ ‘ದಿ ಅನ್‌ಟಚಬಲ್ಸ್’ನಲ್ಲಿ ಗೋಮಾಂಸ ಮತ್ತು ಅಸ್ಪೃಶ್ಯತೆಯ ನಂಟನ್ನು ಚರ್ಚಿಸಿದಾಗಲೂ ಅವರ ಕಣ್ಣು ಮನುಷ್ಯರ ಮೇಲೆಯೇ. ಆದರೆ 1956ರಲ್ಲಿ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳಿಗೆ ಕರುಣೆ ತೋರಿ ಕಾಪಾಡುವುದೂ ಒಂದು. ಈ ಎರಡನ್ನೂ ಒಟ್ಟಿಗೆ ಓದಬೇಕು. ಯಾವುದನ್ನು ತಿನ್ನಬೇಕು, ಬಿಡಬೇಕು ಎಂದು ಮೇಲಿನವರು ಹೇಳಕೂಡದು. ಮಾನ ಪಡೆದವರು ತಾವಾಗಿ ಜೀವಿಗಳ ಕಡೆ ತಿರುಗಬಹುದು. ಈ ಕ್ರಮ ತಲೆಕೆಳಗಾದರೆ ಕರುಣೆ ದಬ್ಬಾಳಿಕೆಯಾಗುತ್ತದೆ.

ಎಮ್ಮೆಯ ಕಡೆಗೂ ನೋಡಬೇಕು. ದೇಶದ ಹಾಲಿನಲ್ಲಿ ಎಮ್ಮೆಯ ಪಾಲೂ ದೊಡ್ಡದೇ, ಬೆಣ್ಣೆ ಹೆಚ್ಚು ಕೊಡುವುದೂ ಎಮ್ಮೆಯೇ. ಆದರೆ ತಾಯಿಯ ಪಟ್ಟ ಅದಕ್ಕಿಲ್ಲ, ಹದಿಮೂರು ದಾಟಿದರೆ ಕಾನೂನಿನ ರಕ್ಷಣೆಯೂ ಇಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಒಂದು ಪ್ರಸಂಗವಿದೆ: ಬೆದೆಗೆ ಬಂದ ದಲಿತರ ಎಮ್ಮೆಗೆ ಮೇಲ್ಜಾತಿಯವರ ಕೋಣ ಕೂಡದು ಎಂಬ ತಕರಾರು. ಪಶುವಿಗೂ ಜಾತಿ ಹಚ್ಚಿದ ನಮಗೆ ಪಶುವಿನ ಪ್ರಶ್ನೆಯನ್ನು ಜಾತಿಯಿಂದ ಬಿಡಿಸಿ ನೋಡುವ ಅವಕಾಶವೇ ಇಲ್ಲ.

ಮಾರಿಯ ಕತೆ ನಿಮಗೆಲ್ಲ ಗೊತ್ತು. ಊರೂರಿಗೆ ವಿವರ ಬೇರೆ, ತಿರುಳು ಒಂದೇ. ಕೇರಿಯ ಹುಡುಗ ಬ್ರಾಹ್ಮಣನೆಂದು ಹೇಳಿಕೊಂಡು ಬ್ರಾಹ್ಮಣ ಹುಡುಗಿಯನ್ನು ಮದುವೆಯಾಗುತ್ತಾನೆ, ಗುಟ್ಟು ಬಯಲಾಗುತ್ತದೆ, ಅವಳು ಉರಿದು ಮಾರಿಯಾಗುತ್ತಾಳೆ, ಅವನು ಕೋಣವಾಗುತ್ತಾನೆ, ಜಾತ್ರೆ ಜಾತ್ರೆಗೂ ಅವಳೆದುರು ಕಡಿಸಿಕೊಳ್ಳುತ್ತಾನೆ. ಬಲಿಯಾದ ಕೋಣದ ಮುಂಗಾಲನ್ನು ಅದರ ಬಾಯಿಗೇ ತುರುಕುವ ಪದ್ಧತಿಯನ್ನು ಬಿಷಪ್ ಹೆನ್ರಿ ವೈಟ್‌ಹೆಡ್ 1916ರ ‘ದಿ ವಿಲೇಜ್ ಗಾಡ್ಸ್ ಆಫ್ ಸೌತ್ ಇಂಡಿಯಾ’ದಲ್ಲಿ ದಾಖಲಿಸಿದ್ದಾರೆ. ಕೊಂದರೆ ಸಾಲದು, ಅವಮಾನಿಸಬೇಕು. ಆ ಕೋಣದ ಮೈಯಲ್ಲಿ ದಲಿತನೂ ಇದ್ದಾನೆ, ಪ್ರಾಣಿಯೂ ಇದೆ, ಒಂದೇ ಕತ್ತಿಗೆ ಇಬ್ಬರೂ ತಲೆ ಕೊಡುತ್ತಾರೆ. ಇದನ್ನು ಕಡಿಯಲು, ಹೊರಲು, ಉಣ್ಣಲು ಗೊತ್ತುಮಾಡಿದ ಜನರೂ ಕೇರಿಯವರೇ. ಜಾತಿಯೂ ಪ್ರಾಣಿಹಿಂಸೆಯೂ ಹೇಗೆ ಹೆಣೆದುಕೊಂಡಿವೆ ಎಂದು ವಿದೇಶದ ಸಿದ್ಧಾಂತಕಾರರಿಂದ ಕಲಿಯುವ ಮೊದಲು ನಮ್ಮ ಊರ ಬಾಗಿಲಿನ ಮಾರಿಗುಡಿಯನ್ನು ನೋಡಿದರೆ ಸಾಕಿತ್ತು.

ಸುಧಾರಕರು ಕೋಣನ ಬಲಿ ನಿಲ್ಲಿಸಿದರು. 1959ರಲ್ಲಿ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆ ಬಂತು. ಒಳ್ಳೆಯದೇ ಆಯಿತು, ನನಗೆ ಸಂದೇಹವಿಲ್ಲ. ಆದರೆ ಅದರ ಮರುವರ್ಷದ ಪ್ರಾಣಿಹಿಂಸೆ ತಡೆ ಕಾಯ್ದೆ ಬೀಜ ಒಡೆಯುವುದನ್ನೂ ಬರೆ ಹಾಕುವುದನ್ನೂ ಹೇಗೆ ಬಿಟ್ಟುಕೊಟ್ಟಿತು ಎಂದು ಆಗಲೇ ಹೇಳಿದೆ. ಬಡವರ ಗುಡಿಯ ಮುಂದೆ ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುವ ರಕ್ತಕ್ಕೆ ಕಾನೂನು ಬೇಗ ಎಚ್ಚರವಾಗುತ್ತದೆ. ಎಲ್ಲರ ಮನೆಯ ಕಾಫಿಗೆ ದಿನಾಲೂ ಬೀಳುವ ಹಾಲಿನ ಹಿಂದಿರುವುದಕ್ಕೆ ಆಗುವುದಿಲ್ಲ.

ಜನ್ನನಿಗೆ ಇದರ ಒಂದು ಮಗ್ಗುಲು ಚೆನ್ನಾಗಿ ಹೊಳೆದಿತ್ತು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 13ನೇ ಶತಮಾನದ ಮೊದಲಲ್ಲಿ ಬರೆದ ‘ಯಶೋಧರ ಚರಿತೆ’ಯಷ್ಟು ನಿಷ್ಠುರವಾಗಿ ಹಿಂಸೆಯನ್ನು ತೂಗಿದ ಕೃತಿ ಕನ್ನಡದಲ್ಲಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಕೆಟ್ಟ ಕನಸಿನ ಪರಿಹಾರಕ್ಕೆ ಬಲಿ ಕೊಡು ಎನ್ನುವ ತಾಯಿ, ಜೀವ ತೆಗೆಯಲೊಲ್ಲದ ಮಗ. ನಡುವಿನ ದಾರಿಯಾಗಿ ಹಿಟ್ಟಿನ ಕೋಳಿ. ಕತ್ತಿ ಬಿದ್ದದ್ದು ಹಿಟ್ಟಿಗೆ, ಕೂಗು ಕೇಳಿಸಿತು ಜೀವದ್ದು. ಅಷ್ಟು ಸಂಕಲ್ಪಕ್ಕೆ ತಾಯಿ ಮಗ ಜನ್ಮಜನ್ಮ ಪ್ರಾಣಿಗಳಾಗಿ ಹುಟ್ಟಿ ಬೇಟೆಯಾಗಿ ಊಟವಾಗಿ ನರಳುತ್ತಾರೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆದದ್ದು ಈ ಇಕ್ಕಟ್ಟಿನ ಸೆಳೆತಕ್ಕೆ. (ಸೋಯಾದಲ್ಲಿ ಕೋಳಿಯ ಕಾಲು ಮಾಡಿ ಮಾರುವ ಈಗಿನ ಕಂಪನಿಗಳನ್ನು ನೋಡಿದರೆ ಜನ್ನ ಏನು ಹೇಳುತ್ತಿದ್ದನೋ!)

ಜನ್ನನ ತಕ್ಕಡಿಯಲ್ಲಿ ಕೊಲ್ಲದಿದ್ದರೂ ಸಂಕಲ್ಪವಿದ್ದರೆ ಹಿಂಸೆ. ನಮ್ಮ ಕಾಲದ ಕಷ್ಟ ತದ್ವಿರುದ್ಧವಾದದ್ದು. ಪ್ಯಾಕೆಟ್ ಹಾಲಿನ ಮೂಲೆ ಕತ್ತರಿಸುವವರ ಮನಸ್ಸಿನಲ್ಲಿ ಯಾವ ಸಂಕಲ್ಪವೂ ಇಲ್ಲ. ಅವರು ಕರುವಿನ ಮೇಲೆ ಕೈ ಎತ್ತಿಲ್ಲ, ಎತ್ತಲಾರರು ಕೂಡ; ಟಿವಿಯಲ್ಲಿ ಕಂಡರೆ ಕಣ್ಣೀರು ಹಾಕುತ್ತಾರೆ. ಆದರೂ ಕರು ಇಲ್ಲವಾಗಿದೆ. ಸಂಕಲ್ಪವನ್ನಷ್ಟೇ ಅಳೆಯುವ ಹಳೆಯ ನೀತಿಗೆ ಈ ಹಿಂಸೆ ಸಿಗುವುದೇ ಇಲ್ಲ. ಹಾಗಾಗಿ ನಾವು ಸಂಕಲ್ಪ ಎದ್ದುಕಾಣುವ ಕಡೆ ಅದನ್ನು ಹುಡುಕುತ್ತೇವೆ: ಕತ್ತಿ ಹಿಡಿದವನ ಕೈಯಲ್ಲಿ, ಲಾರಿ ಓಡಿಸುವವನ ಮುಖದಲ್ಲಿ, ಕೇರಿಯ ಒಲೆಯಲ್ಲಿ. ಬೇಡಿಕೆಯಿಂದ ಹುಟ್ಟುವ ಹಿಂಸೆಗೆ ಹೊಣೆ ಹಂಚುವ ನೀತಿ ನಮ್ಮಲ್ಲಿ ಇನ್ನೂ ರೂಪುಗೊಂಡಿಲ್ಲ. ವೀಗನ್ ವಿಚಾರದಿಂದ ನನಗೆ ಸಿಕ್ಕ ದೊಡ್ಡ ಲಾಭ ಆ ಹೊಣೆಯ ಲೆಕ್ಕವನ್ನು ಕೊಳ್ಳುವವರ ಮನೆಯಿಂದ ಶುರುಮಾಡುವ ಅಭ್ಯಾಸ.

ಮೊಟ್ಟೆಯ ಪ್ರಶ್ನೆ ಕೇಳಿಯೇ ಕೇಳುತ್ತೀರಿ, ನಾನೇ ಎತ್ತಿಬಿಡುತ್ತೇನೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಅಡ್ಡ ಬಂದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಮೊಟ್ಟೆ ಬೇಕೇಬೇಕು ಎಂದು ಎದುರು ನಿಂತದ್ದನ್ನು ನಾಡೆಲ್ಲ ನೋಡಿತು. ನಾನು ಆ ಹುಡುಗಿಯ ಪಕ್ಷ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, 65 ಮಂದಿಗೆ ರಕ್ತಹೀನತೆ. ಅಂಥ ತಟ್ಟೆಯಿಂದ ಒಂದು ಮೊಟ್ಟೆ ತೆಗೆದು ಪ್ರಾಣಿಪ್ರೀತಿ ಮೆರೆಯುವುದು ನೀಚತನ. ಅದೇ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುವಾಗ ಯಾವ ಮಠದಿಂದಲೂ ಅಹಿಂಸೆಯ ದನಿ ಬರಲಿಲ್ಲ ಎಂಬುದನ್ನೂ ಗಮನಿಸಿ. ಅವರಿಗೆ ನೋವಾದದ್ದು ಕೋಳಿಯ ಸಲುವಾಗಿ ಅಲ್ಲ, ಪಂಕ್ತಿಯ ಸಲುವಾಗಿ.

ಕೋಳಿಯ ಪಾಡು ಇದರಿಂದ ಮುಚ್ಚಿಹೋಗಬಾರದು. ಒಂದು ಹಾಳೆಯಷ್ಟೂ ಜಾಗ ಸಿಗದ ತಂತಿಪಂಜರದಲ್ಲಿ, ರೆಕ್ಕೆ ಬಿಚ್ಚದೆ ಅದು ಬದುಕು ತೀರಿಸುತ್ತದೆ. ಇದು ಸಲ್ಲದೆಂದು ಕಾನೂನು ಆಯೋಗ 2017ರ 269ನೇ ವರದಿಯಲ್ಲಿ ಸರ್ಕಾರಕ್ಕೆ ತಿಳಿಸಿತ್ತು. ರಾಜ್ಯದ ಶಾಲೆಗಳಿಗಾಗಿ ಇಷ್ಟು ಮೊಟ್ಟೆ ಕೊಳ್ಳುವ ಸರ್ಕಾರ ಪಂಜರವಿಲ್ಲದ ಸಾಕಣೆಯಿಂದಲೇ ಕೊಳ್ಳುತ್ತೇವೆಂದು ಷರತ್ತು ಹಾಕಲಿ. ಹಿತ್ತಿಲಲ್ಲಿ ನಾಟಿಕೋಳಿ ಸಾಕುವ ಹೆಂಗಸರಿಗೂ ನಾಲ್ಕು ಕಾಸು ಸಿಕ್ಕೀತು. ವೀಗನ್ ಎನಿಸಿಕೊಂಡ ನಾನು ಮೊಟ್ಟೆಯ ಟೆಂಡರಿಗೆ ಷರತ್ತು ಬರೆಯುತ್ತಿರುವುದು ತಮಾಷೆಯಾಗಿ ಕಾಣಬಹುದು. ಹಸಿದ ಮಗು ಮತ್ತು ಪಂಜರದ ಕೋಳಿ ಇಬ್ಬರನ್ನೂ ಬಿಟ್ಟುಕೊಡಬಾರದು ಎಂದುಕೊಂಡರೆ ಕೈ ಹೀಗೆ ಕೊಳೆಯಾಗುತ್ತದೆ.

ನಾನು ಹಾಲು ಬಿಟ್ಟು ವರ್ಷಗಳಾದವು. ಕಾಫಿಗಿಂತ ಮಜ್ಜಿಗೆ ಬಿಡುವುದು ಕಷ್ಟವಾಯಿತು. ಬಿ12 ಜೀವಸತ್ವ ಸಸ್ಯಗಳಲ್ಲಿ ಸಿಗುವುದಿಲ್ಲ, ಮಾತ್ರೆ ನುಂಗುತ್ತೇನೆ. ಅದನ್ನು ಬಚ್ಚಿಟ್ಟು ಉಪದೇಶ ಮಾಡುವವರನ್ನು ನಂಬಬೇಡಿ. ಮಾಲ್‌ಗಳಲ್ಲಿ ಬಾದಾಮಿ ಹಾಲೆಂದು ಕೂಲಿಯವರ ಅರ್ಧ ದಿನದ ದುಡಿಮೆಯ ಬೆಲೆಗೆ ಮಾರುವುದನ್ನು ನೋಡಿ ವೀಗನ್ ಊಟ ಶ್ರೀಮಂತರದ್ದು ಎಂದು ನೀವು ಭಾವಿಸಿದ್ದರೆ ತಪ್ಪು ನಿಮ್ಮದಲ್ಲ. ಆದರೆ ಮುದ್ದೆ-ಬಸ್ಸಾರು, ಹುರುಳಿಕಾಳಿನ ಉಪ್ಸಾರು, ಜೋಳದ ರೊಟ್ಟಿ-ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕರಾವಳಿಯ ತೆಂಗಿನಹಾಲಿನ ಗಸಿ, ಅವರೆಯ ಕಾಲದ ಹಿದುಕಬೇಳೆ, ಇವುಗಳಲ್ಲಿ ಯಾವುದಕ್ಕೂ ಹಸುವಿನ ಅಪ್ಪಣೆ ಬೇಕಿಲ್ಲ. ನಮ್ಮ ಬಹುಪಾಲು ಬಡವರ ತಟ್ಟೆಯಲ್ಲಿ ಹಾಲು ತುಪ್ಪ ಇದ್ದದ್ದೇ ಹಬ್ಬದ ದಿನ.

ಕಡೆಗೆ ಕೆಲವು ಬೇಡಿಕೆಗಳನ್ನು ಸರ್ಕಾರದ ಮುಂದಿಡಬೇಕೆಂದಿದ್ದೇನೆ. ಹಾಲಿಗೆ ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡುವ ಹಾಗೆಯೇ ಹುರುಳಿ, ಅವರೆ, ಅಲಸಂದೆ, ಹುಚ್ಚೆಳ್ಳು ಬೆಳೆಯುವ ಒಣಬೇಸಾಯದ ಹೆಂಗಸರಿಗೂ ಕೊಡಿ. ಹಾಲೊಂದನ್ನೇ ನೆಚ್ಚಿಕೊಂಡವರಿಗೆ ಹೊರಬರಲು ಇನ್ನೊಂದು ದಾರಿಯಾದರೂ ಇರಲಿ. ಚರ್ಮ ಹದ ಮಾಡುವವರ ಕೆಲಸವನ್ನು ಜಾತಿಯಿಂದ ಬಿಡಿಸುವ ಖರ್ಚನ್ನು ಹಾಲಿನ ಬಜೆಟ್ಟಿನಿಂದಲೇ ತೆಗೆಯಿರಿ, ಏಕೆಂದರೆ ಅದು ಹಾಲಿನದೇ ಖರ್ಚು. ಗಂಡುಗರುವನ್ನು, ಕರಾವು ನಿಂತ ಹಸುವನ್ನು ಸಾಕುವ ವೆಚ್ಚವನ್ನು ಪ್ಯಾಕೆಟ್ಟಿನ ದರದಲ್ಲಿ ಸೇರಿಸಿ, ಆ ಹಣ ರೈತರ ಖಾತೆಗೆ ಹೋಗಲಿ. ದರ ಏರುತ್ತದೆ, ನಗರ ಕೂಗಾಡುತ್ತದೆ, ಕೆಲವರು ಹಾಲು ಕಡಿಮೆ ಮಾಡುತ್ತಾರೆ. ಕೂಗಾಟಕ್ಕೆ ಹೆದರಿ ಈ ತನಕ ಯಾವ ಸರ್ಕಾರವೂ ಲೆಕ್ಕ ಪೂರ್ತಿ ಬರೆದಿಲ್ಲ. 21ನೇ ಜಾನುವಾರು ಗಣತಿಯ ಅಂಕಿಗಳು ಕೈಗೆ ಸಿಕ್ಕಾಗ ನೀವು ಮೊದಲು ನೋಡಬೇಕಾದ್ದು ಗಂಡು ರಾಸುಗಳ ಸಾಲನ್ನು. ನಿಮ್ಮ ಶಾಸಕರಿಗೆ ಅದರ ಬಗ್ಗೆ ಒಂದು ಕಾಗದ ಬರೆದರೆ ಈ ದತ್ತಿಯ ದುಡ್ಡು ದಂಡವಾಗಲಿಲ್ಲ ಎಂದುಕೊಳ್ಳುತ್ತೇನೆ.

ಇನ್ನು ಪ್ರಶ್ನೆಗಳಿಗೆ ಹೊತ್ತು ಬಿಡುತ್ತೇನೆ. ಮೊಸರಿನ ಬಗ್ಗೆ ಜಗಳ ಮಾಡಬೇಕೆಂದಿರುವವರು ಮೊದಲು ಕೈ ಎತ್ತಿ.